ಕಿಕ್ಯಾಡ್: ತಾಮ್ರ ತುಂಬಿತು, ಜ್ಯಾಕ್‌ನ ಗ್ರೌಂಡ್ ಕಾಲಿಗೆ ಮಾತ್ರ ಸೇರಲಿಲ್ಲ

ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ತಂತ್ರಾಂಶ ಕಿಕ್ಯಾಡ್‌ನಲ್ಲಿ ಎರಡು ಸಂಜೆ ಇದರಲ್ಲೇ ಕಳೆದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಸ್ಕೀಮ್ಯಾಟಿಕ್ (ಸರ್ಕ್ಯೂಟ್ ನಕ್ಷೆ) ಬರೆಯೋದು, ಟ್ರ್ಯಾಕ್ ಎಳೆಯೋದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಬೋರ್ಡ್ ಚಿಕ್ಕದು. 12 ವೋಲ್ಟ್ ಒಳಗೆ, 7805 ವೋಲ್ಟೇಜ್ ರೆಗ್ಯುಲೇಟರ್, 5 ವೋಲ್ಟ್ ಹೊರಗೆ. ಡಿಸಿ ಜ್ಯಾಕ್ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಯಾಗಿ ತಂದಿದ್ದು, ಡೇಟಾಶೀಟ್ ಇಲ್ಲ. ಹಾಗಾಗಿ ವರ್ನಿಯರ್ ಹಿಡಿದು ಅಳೆದು ಫುಟ್‌ಪ್ರಿಂಟ್ (ಕಾಲುಗಳನ್ನು ಬೆಸೆಯುವ ಪ್ಯಾಡ್ ಮತ್ತು ತೂತುಗಳ ನಕ್ಷೆ) ನಾನೇ ಮಾಡಬೇಕಾಯಿತು. ಕಿಕ್ಯಾಡ್ ಜೊತೆ ಬರುವ ಲೈಬ್ರರಿಗೆ ನಾವು ಏನೂ ಸೇರಿಸುವ ಹಾಗಿಲ್ಲ, ಮೊದಲು ನಿಮ್ಮದೇ ಹೊಸ ಲೈಬ್ರರಿ ಮಾಡಿಕೊಳ್ಳಿ.

ಅಳತೆಗೆ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಚಪ್ಪಟೆ ಕಾಲಿನ ಮಧ್ಯ ಎಲ್ಲಿ ಅಂತ ಕಣ್ಣಲ್ಲಿ ಹುಡುಕಬೇಡಿ. ಎರಡು ಕಾಲುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ, ಆಮೇಲೆ ಒಳ ಅಂಚಿನಿಂದ ಒಳ ಅಂಚಿಗೆ. ಎರಡನ್ನೂ ಕೂಡಿ ಅರ್ಧ ಮಾಡಿದರೆ ಮಧ್ಯದಿಂದ ಮಧ್ಯಕ್ಕೆ ಇರುವ ದೂರ ಸಿಗುತ್ತದೆ. ನನಗೆ ಬಂದಿದ್ದು 8.5 ಮತ್ತು 3.5, ಅಂದರೆ ದೂರ 6 ಮಿ.ಮೀ. ಕಾಲುಗಳ ಅಗಲ ಬೇರೆ ಬೇರೆ ಇದ್ದರೂ ಲೆಕ್ಕ ತಪ್ಪುವುದಿಲ್ಲ. ತೂತನ್ನು ದುಂಡಗೆ ಬೇಡ, ಉದ್ದಕ್ಕೆ ಕೊಡಿ. ಕಾಲಿಗಿಂತ 0.2–0.3 ಮಿ.ಮೀ. ಜಾಸ್ತಿ ಇರಲಿ.

ಈಗ ಸಿಕ್ಕಿಬಿದ್ದ ಜಾಗ. ಬೋರ್ಡ್ ಸುತ್ತ ಜೋನ್ (ತಾಮ್ರ ತುಂಬುವ ಜಾಗ) ಎಳೆದೆ, ಅದರ ನೆಟ್ (ಯಾವ ವಿದ್ಯುತ್ ಜೋಡಣೆಗೆ ಸೇರಿದ್ದು ಅನ್ನುವ ಹೆಸರು) ಗ್ರೌಂಡ್ ಅಂತ ಕೊಟ್ಟೆ, ತಾಮ್ರ ತುಂಬಲು ಬಿ ಕೀ ಒತ್ತಿದೆ. 7805ರ ನಡುವಿನ ಕಾಲಿಗೆ ನಾಲ್ಕು ಕಡೆಯಿಂದ ತಾಮ್ರದ ಸಣ್ಣ ಪಟ್ಟಿ ಬಂದು ಸೇರಿತು. ಜ್ಯಾಕ್‌ನ ಗ್ರೌಂಡ್ ಪ್ಯಾಡ್ ಸುತ್ತ ಮಾತ್ರ ಖಾಲಿ ಉಂಗುರ. ಕ್ಲಿಯರೆನ್ಸ್ (ತಾಮ್ರ ಬಿಡುವ ಅಂತರ) 0.5ರಿಂದ 0.3 ಮಿ.ಮೀ.ಗೆ ಇಳಿಸಿದೆ. ಉಂಗುರ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಪ್ಯಾಡ್ ಕನೆಕ್ಷನ್ ಸಾಲಿಡ್ (ಪಟ್ಟಿಗಳ ಬದಲು ಸುತ್ತಲೂ ಪೂರ್ತಿ ತಾಮ್ರ) ಮಾಡಿದೆ, ಆಗಲೂ ಅಷ್ಟೇ.

ಕಾರಣ ಜೋನ್‌ನಲ್ಲಿ ಇರಲೇ ಇಲ್ಲ, ಪ್ಯಾಡ್ ನಂಬರಿನಲ್ಲಿತ್ತು. ಪ್ಯಾಡ್‌ಗೆ ಸ್ಕೀಮ್ಯಾಟಿಕ್‌ನಿಂದ ನೆಟ್ ಬರುವುದು ಒಂದೇ ದಾರಿಯಲ್ಲಿ: ಅಲ್ಲಿನ ಸಿಂಬಲ್‌ನ (ಭಾಗದ ಚಿಹ್ನೆಯ) ಪಿನ್ ನಂಬರ್ ಏನಿದೆಯೋ, ಫುಟ್‌ಪ್ರಿಂಟ್‌ನಲ್ಲಿ ಅದೇ ನಂಬರಿನ ಪ್ಯಾಡ್‌ಗೆ ನೆಟ್ ಹೋಗುತ್ತದೆ. ಪಿನ್ ಹೆಸರು ಲೆಕ್ಕಕ್ಕಿಲ್ಲ. ನನ್ನ ಸಿಂಬಲ್‌ನಲ್ಲಿ 1, 2, 3 ಇತ್ತು. ನೆನಪಿರಲಿ ಅಂತ ನಾನು ಪ್ಯಾಡ್‌ಗಳಿಗೆ ವಿ, ಜಿ, ಎಸ್ ಅಂತ ಕೊಟ್ಟಿದ್ದೆ. ಸಿಂಬಲ್‌ನ 2ಕ್ಕೆ ಬೋರ್ಡ್ ಮೇಲೆ ಜೋಡಿಯೇ ಇಲ್ಲ, ಜಿ ಪ್ಯಾಡ್‌ಗೆ ನೆಟ್ ಇಲ್ಲ. ನೆಟ್ ಇಲ್ಲದ ಪ್ಯಾಡ್ ಗ್ರೌಂಡ್ ತಾಮ್ರದ ಪಾಲಿಗೆ ಹೊರಗಿನದು, ಅದಕ್ಕೇ ಅಂತರ ಬಿಟ್ಟು ಸುತ್ತಿಕೊಂಡು ಹೋಗಿದೆ. ಅಕ್ಷರ ಕೊಡುವುದು ತಪ್ಪಲ್ಲ, ಎರಡೂ ಕಡೆ ಒಂದೇ ಇರಬೇಕು ಅಷ್ಟೇ. ಎರಡು ಪ್ಯಾಡ್‌ಗೆ ಒಂದೇ ನಂಬರ್ ಕೊಟ್ಟರೆ ಎರಡಕ್ಕೂ ಅದೇ ನೆಟ್ ಬರುತ್ತದೆ.

ಪರೀಕ್ಷೆ ಸುಲಭ: ಪ್ಯಾಡ್ ಮೇಲೆ ಜೂಮ್ ಮಾಡಿ. ನಂಬರಿನ ಜೊತೆ ನೆಟ್ ಹೆಸರು ಕಾಣದಿದ್ದರೆ ಜೋನ್ ಸೆಟ್ಟಿಂಗ್ ಮುಟ್ಟಬೇಡಿ. ಸ್ಕೀಮ್ಯಾಟಿಕ್‌ನಿಂದ ಬೋರ್ಡ್ ಅಪ್‌ಡೇಟ್ ಮಾಡಲು ಎಫ್8 ಒತ್ತಿದಾಗ ಬರುವ ಕಿಟಕಿಯಲ್ಲೂ 2ನೇ ಪ್ಯಾಡ್ ಸಿಗಲಿಲ್ಲ ಅಂತ ಕೆಂಪಲ್ಲಿ ಇತ್ತು. ಅದನ್ನು ಓದದೆ ಮುಚ್ಚಿದ್ದೆ.

ನಂಬರ್ ತಿದ್ದಿ ಸೇವ್ ಮಾಡಿದೆ. ಬೋರ್ಡ್‌ನಲ್ಲಿ ಏನೂ ಬದಲಾಗಲಿಲ್ಲ! ಬೋರ್ಡ್ ಫೈಲ್ ಫುಟ್‌ಪ್ರಿಂಟ್‌ನ ತನ್ನದೇ ನಕಲು ಇಟ್ಟುಕೊಂಡಿರುತ್ತದೆ. ಲೈಬ್ರರಿಯಲ್ಲಿ ತಿದ್ದಿದ್ದು ತಾನಾಗೇ ಅಲ್ಲಿಗೆ ಹೋಗುವುದಿಲ್ಲ. ಮೊದಲು ಟೂಲ್ಸ್ ಮೆನುವಿನಲ್ಲಿ ಅಪ್‌ಡೇಟ್ ಫುಟ್‌ಪ್ರಿಂಟ್ಸ್ ಫ್ರಮ್ ಲೈಬ್ರರಿ, ಆಮೇಲೆ ನೆಟ್ ಬರಲು ಎಫ್8, ಕೊನೆಗೆ ಬಿ. ಯಾವ ಭಾಗ ಸರಿಸಿದರೂ ಮತ್ತೆ ಬಿ ಒತ್ತಬೇಕು ಅನ್ನುವುದೂ ನೆನಪಿರಲಿ.

ಆ ಗಡಿಬಿಡಿಯಲ್ಲಿ ಸಾಲಿಡ್ ಮಾಡಿದ್ದನ್ನು ವಾಪಸ್ ಥರ್ಮಲ್ ರಿಲೀಫ್ (ಸಣ್ಣ ಪಟ್ಟಿಗಳ ಜೋಡಣೆ) ಮಾಡಿದೆ. ಸಾಲಿಡ್ ಇದ್ದರೆ ಬೆಸುಗೆ ಹಾಕುವಾಗ ಶಾಖವೆಲ್ಲ ತಾಮ್ರದ ಹಾಸಿಗೆ ಓಡಿಹೋಗುತ್ತದೆ. 25 ವಾಟ್ ಐರನ್‌ಗೆ ಸೀಸ ಸರಿಯಾಗಿ ಕರಗದೆ ಗುಂಡಗೆ ನಿಲ್ಲುತ್ತದೆ.

ಆರ್ಡರ್ ಕೊಡುವ ಮುಂಚೆ 1:1 ಅಳತೆಯಲ್ಲಿ ಕಾಗದದ ಮೇಲೆ ಪ್ರಿಂಟ್ ತೆಗೆದು, ಕೆಳಗೆ ಥರ್ಮಾಕೋಲ್ ಇಟ್ಟು ಜ್ಯಾಕ್ ಚುಚ್ಚಿ ನೋಡಿದೆ. ಮೂರೂ ಕಾಲು ಪ್ಯಾಡ್‌ಗಳ ನಡುಮಧ್ಯಕ್ಕೆ ಇಳಿದವು.