ಮುಕ್ಕಾಲು ಕೆಜಿ ಗೊತ್ತು, ಲೆಕ್ಕ ಬರಲ್ಲವಂತೆ

ಪಕ್ಕದ ಮನೆ ಹುಡುಗಿ ಈ ವರ್ಷ ಹತ್ತನೇ ಕ್ಲಾಸು. ಒಂಬತ್ತರಲ್ಲಿ ಗಣಿತಕ್ಕೆ ನೂರಕ್ಕೆ 31 ಬಂದಿತ್ತು. ಶಾಲೆಯವರು ಅಪ್ಪ ಅಮ್ಮನನ್ನು ಕರೆಸಿ ನಯವಾಗಿಯೇ ಹೇಳಿದರಂತೆ. "ಹುಡುಗಿ ಚೂಟಿ. ಕನ್ನಡ, ಸಮಾಜ ಚೆನ್ನಾಗಿದೆ. ಲೆಕ್ಕ ಮಾತ್ರ ತಲೆಗೆ ಹತ್ತಲ್ಲ. ಪಾಸಿಂಗ್ ಪ್ಯಾಕೇಜ್ ಓದಿಸ್ತೀವಿ, ಎಸ್ಸೆಸ್ಸೆಲ್ಸಿ ಒಂದು ದಾಟಿಬಿಡ್ಲಿ. ಆಮೇಲೆ ಆರ್ಟ್ಸ್ ಕೊಡಿಸಿ, ಲೆಕ್ಕದ ತಂಟೆಯೇ ಇರಲ್ಲ." ಪಾಸಿಂಗ್ ಪ್ಯಾಕೇಜ್ ಅಂದರೆ ಗೊತ್ತಲ್ಲ: ಒಂದು ಗ್ರಾಫ್, ಎರಡು ಪ್ರಮೇಯ, ಕೆಲವು ಸೂತ್ರ ಉರು ಹೊಡೆದು ಹೇಗೋ ಪಾಸಾಗುವಷ್ಟು ಅಂಕ ತೆಗೆಯುವ ಉಪಾಯ.

ಅವರಪ್ಪನದು ದಿನಸಿ ಅಂಗಡಿ. ಸಂಜೆ ಹೊತ್ತು ಗಲ್ಲಾದಲ್ಲಿ ಇವಳೇ ಕೂರೋದು. ಒಂದು ದಿನ ಅರ್ಧ ಕೆಜಿ ತೊಗರಿಬೇಳೆ ಕೇಳಿದೆ, ಅವಳು ತೂಗುವಷ್ಟರಲ್ಲಿ ಮನಸ್ಸು ಬದಲಾಗಿ ಇನ್ನೊಂದು ಕಾಲು ಹಾಕು ಅಂದೆ. ಕೆಜಿಗೆ 160. "ಮುಕ್ಕಾಲು, ನೂರಿಪ್ಪತ್ತು ಆಂಟಿ" ಅಂದಳು, ತಕ್ಕಡಿಯಿಂದ ತಲೆ ಎತ್ತದೆ. ಸುಮ್ನೆ ಕುತೂಹಲಕ್ಕೆ ಒಂದು ಚೀಟಿ ಮೇಲೆ 1/2 + 1/4 ಅಂತ ಬರೆದು ಅವಳ ಮುಂದಿಟ್ಟೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/6 ಅಂತ ಬರೆದಳು. ಅಂದರೆ ಮೂರರಲ್ಲಿ ಒಂದು ಪಾಲು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ!

"ಈಗ ತಾನೆ ಮುಕ್ಕಾಲು ಅಂದೆಯಲ್ಲೇ?"

"ಅದು ಅಂಗಡಿ ಲೆಕ್ಕ ಆಂಟಿ. ಇದು ಸ್ಕೂಲ್ ಲೆಕ್ಕ."

ಇದು ಅವಳೊಬ್ಬಳ ಕಥೆ ಅಲ್ಲ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತವರ ಜೊತೆಗಾರರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ವ್ಯಾಪಾರ ಮಾಡುವ ಸುಮಾರು 1,400 ಮಕ್ಕಳನ್ನು ಪರೀಕ್ಷಿಸಿ, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಎಷ್ಟು ಗ್ರಾಂಗೆ ಎಷ್ಟು, ಚಿಲ್ಲರೆ ಎಷ್ಟು ಅಂತ ಆ ಮಕ್ಕಳು ಬಾಯಲ್ಲೇ ಹೇಳುತ್ತಿದ್ದರು. ಅದಕ್ಕಿಂತ ಸುಲಭವಾದ ಕಳೆಯುವ, ಭಾಗಿಸುವ ಲೆಕ್ಕವನ್ನು ಪುಸ್ತಕದಲ್ಲಿ ಇರುವ ಹಾಗೆ ಕೊಟ್ಟರೆ ಹೆಚ್ಚಿನವರು ತಡವರಿಸಿದರು. ಬರೀ ಶಾಲೆಗೆ ಹೋಗುವ ಮಕ್ಕಳದ್ದು ಇದಕ್ಕೆ ಉಲ್ಟಾ. ಪುಸ್ತಕದ ಲೆಕ್ಕ ಮಾಡುತ್ತಾರೆ, ಸಂತೆಯಲ್ಲಿ ನಿಲ್ಲಿಸಿದರೆ ಕಕ್ಕಾಬಿಕ್ಕಿ. ಹಾಗಾದರೆ ಇವರಲ್ಲಿ ಲೆಕ್ಕ 'ಬರದವರು' ಯಾರು?

ನಮ್ಮ ಹುಡುಗಿ ಒಂಬತ್ತನೇ ಕ್ಲಾಸಿನಲ್ಲಿ ಎಡವಿದ್ದು ಬೀಜಗಣಿತದಲ್ಲಿ. ಆದರೆ ಅವಳ ಕಾಲಿಗೆ ಸಿಕ್ಕಿದ ಕಲ್ಲು ಇದ್ದಿದ್ದು ಐದನೇ ಕ್ಲಾಸಿನಲ್ಲಿ. ರಾಬರ್ಟ್ ಸೀಗ್ಲರ್ ಅನ್ನೋ ಮನೋವಿಜ್ಞಾನಿ ಮತ್ತು ಅವರ ತಂಡ ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ಹಳೇ ದಾಖಲೆ ತೆಗೆದು ನೋಡಿ 2012ರಲ್ಲಿ ಬರೆದರು: ಹತ್ತು ಹನ್ನೆರಡು ವಯಸ್ಸಿಗೆ ಭಿನ್ನರಾಶಿ ಮತ್ತು ಭಾಗಾಕಾರ ಎಷ್ಟು ಚೆನ್ನಾಗಿ ಬರುತ್ತೆ ಅನ್ನೋದನ್ನು ನೋಡಿದರೆ, ಹೈಸ್ಕೂಲಿನಲ್ಲಿ ಆ ಮಗು ಬೀಜಗಣಿತ ಹೇಗೆ ಮಾಡುತ್ತೆ ಅಂತ ಮೊದಲೇ ಅಂದಾಜಿಸಬಹುದು. ಮನೆಯ ವರಮಾನ, ಅಪ್ಪ ಅಮ್ಮನ ಓದು, ಮಗುವಿನ ಐಕ್ಯೂ, ಕೂಡುವ ಕಳೆಯುವ ಜಾಣ್ಮೆ ಇವೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿಯಿತು. ಇತಿಹಾಸದಲ್ಲಿ ಹೊಯ್ಸಳರ ಪಾಠ ತಪ್ಪಿಸಿಕೊಂಡರೂ ವಿಜಯನಗರ ಓದಬಹುದು. ಗಣಿತ ಹಾಗಲ್ಲ, ಅದು ಏಣಿ. ಮಧ್ಯದಲ್ಲಿ ಎರಡು ಮೆಟ್ಟಿಲು ಮುರಿದಿದ್ದರೆ ಎಂಥ ಜಾಣನೂ ಮೇಲೆ ಹೋಗಲಾರ. ಕೆಳಗೆ ನಿಂತು ನೋಡುವವರಿಗೆ ಮಾತ್ರ ಏಣಿ ಸರಿಯಾಗೇ ಇದೆ, ಹತ್ತೋನಿಗೇ ಕಾಲು ಬರಲ್ಲ ಅನ್ನಿಸುತ್ತೆ.

ಇದರ ಮೇಲೆ ಭಯ ಬೇರೆ. ಲೆಕ್ಕ ಮಾಡುವಾಗ ತಲೆಯಲ್ಲಿ ಒಂದಷ್ಟನ್ನು ಹಿಡಿದಿಟ್ಟುಕೊಳ್ಳಬೇಕು, ದಶಕ 1 ಅಂತ ಇಟ್ಟುಕೊಳ್ತೀವಲ್ಲ, ಹಾಗೆ. ಆ ಜಾಗ ತುಂಬಾ ಚಿಕ್ಕದು. ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕಿರ್ಕ್ 2001ರಲ್ಲಿ ಮಾಡಿದ ಪ್ರಯೋಗದಲ್ಲಿ, ಕೆಲವು ಅಕ್ಷರ ನೆನಪಿಟ್ಟುಕೊಂಡೇ ದಶಕ ಬರುವ ಕೂಡುವ ಲೆಕ್ಕ ಮಾಡಬೇಕಿತ್ತು. ಗಣಿತ ಅಂದರೆ ಹೆದರುವವರ ತಪ್ಪುಗಳು ಅಲ್ಲಿ ಒಮ್ಮೆಗೇ ಏರಿದವು. ಇರುವ ಪುಟ್ಟ ಜಾಗವನ್ನೂ ಭಯವೇ ತಿಂದುಬಿಟ್ಟರೆ ದಶಕಕ್ಕೆ ಎಲ್ಲಿ ಜಾಗ?

"ಪರವಾಗಿಲ್ಲ ಬಿಡು ಪುಟ್ಟ, ಎಲ್ಲರಿಗೂ ಲೆಕ್ಕ ಬರಲೇಬೇಕು ಅಂತಿಲ್ಲ" ಅಂತ ನಾವು ಪ್ರೀತಿಯಿಂದಲೇ ಹೇಳ್ತೀವಿ ಅಲ್ವಾ? ಅನೀತಾ ರತ್ತನ್, ಕ್ಯಾಥರೀನ್ ಗುಡ್, ಕ್ಯಾರಲ್ ಡ್ವೆಕ್ 2012ರಲ್ಲಿ ಇದೇ ಮಾತನ್ನು ಪರೀಕ್ಷಿಸಿದರು. ಮೊದಲ ಟೆಸ್ಟಿನಲ್ಲಿ ಕಡಿಮೆ ಅಂಕ ಬಂದಿದೆ, ಮೇಷ್ಟ್ರು ಹೀಗೆ ಸಮಾಧಾನ ಮಾಡ್ತಿದಾರೆ ಅಂತ ಕಲ್ಪಿಸಿಕೊಂಡ ಕಾಲೇಜು ಹುಡುಗರ ಹುರುಪು ಕುಗ್ಗಿತು. ಈ ಮೇಷ್ಟ್ರಿಗೆ ನನ್ನ ಮೇಲೆ ಭರವಸೆ ಇಲ್ಲ ಅಂತ ಅವರಿಗೆ ಅರ್ಥವಾಯಿತು. ಕೊನೆಯ ಪರೀಕ್ಷೆಯಲ್ಲೂ ತಮಗೆ ಕಮ್ಮಿಯೇ ಬರಬಹುದು ಅಂದರು. "ಹೀಗೆ ಓದಿ ನೋಡು" ಅಂತ ದಾರಿ ತೋರಿಸಿಕೊಂಡವರಲ್ಲಿ ಹಾಗಾಗಲಿಲ್ಲ. ನಮ್ಮ ಸಮಾಧಾನದ ಮಾತು ಮಕ್ಕಳ ಕಿವಿಗೆ ತೀರ್ಪಿನ ಹಾಗೆ ಕೇಳುತ್ತೆ.

ಸರಿ, ಲೆಕ್ಕವನ್ನೇ ಕೈಬಿಡಿಸುವ ಬದಲು ಜಾಸ್ತಿ ಕಲಿಸಿದರೆ? ಶಿಕಾಗೋ ನಗರದ ಸರ್ಕಾರಿ ಶಾಲೆಗಳು 2003ರಲ್ಲಿ ಅದನ್ನೇ ಮಾಡಿದವು. ಎಂಟನೇ ಕ್ಲಾಸಿನ ಗಣಿತದಲ್ಲಿ ದೇಶದ ನಡುಮಟ್ಟಕ್ಕಿಂತ ಕೆಳಗಿದ್ದವರಿಗೆ ಒಂಬತ್ತರಲ್ಲಿ ಬೀಜಗಣಿತದ ಒಂದು ಪೀರಿಯಡ್ ಬದಲು ಎರಡು. ಗೆರೆಯ ಕೂದಲೆಳೆ ಕೆಳಗಿದ್ದವರಿಗೆ ಎರಡು ಪೀರಿಯಡ್, ಕೂದಲೆಳೆ ಮೇಲಿದ್ದವರಿಗೆ ಒಂದೇ. ಬುದ್ಧಿಯಲ್ಲಿ ಇವರಿಬ್ಬರಿಗೂ ಹೆಚ್ಚೇನೂ ವ್ಯತ್ಯಾಸ ಇಲ್ಲ, ಹಾಗಾಗಿ ಹೋಲಿಸೋಕೆ ಹೇಳಿ ಮಾಡಿಸಿದ ಜೋಡಿ. ಮೊದಲ ಫಲಿತಾಂಶ ಸಪ್ಪೆ. ಟೆಸ್ಟಿನ ಅಂಕ ಸ್ವಲ್ಪ ಏರಿತು, ಆದರೆ ಫೇಲಾಗೋರು ಕಡಿಮೆಯಾಗಲಿಲ್ಲ. ನಮ್ಮಲ್ಲಾಗಿದ್ದರೆ ಯೋಜನೆಯನ್ನು ಅಲ್ಲಿಗೇ ಮಡಚಿ ಇಡುತ್ತಿದ್ದರು. ಆದರೆ ಕ್ಯಾಲೆನಾ ಕಾರ್ಟೆಸ್, ಜೋಶುವಾ ಗುಡ್‌ಮನ್, ತಕಾಕೋ ನೋಮಿ ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಎರಡು ಪೀರಿಯಡ್ ಕೂತವರಲ್ಲಿ ಹೈಸ್ಕೂಲು ಮುಗಿಸಿದವರೂ ಕಾಲೇಜು ಸೇರಿದವರೂ ಹೆಚ್ಚಿದ್ದರು. ಎಲ್ಲಕ್ಕಿಂತ ಜಾಸ್ತಿ ಲಾಭ ಆಗಿದ್ದು ಯಾರಿಗೆ ಗೊತ್ತಾ? ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಹಿಂದಿದ್ದವರಿಗೆ. ಆ ಹೆಚ್ಚುವರಿ ಪೀರಿಯಡ್ಡಿನಲ್ಲಿ ಲೆಕ್ಕವನ್ನು ಮಾತಲ್ಲಿ ಬಿಡಿಸಿ ಹೇಳುವುದಕ್ಕೆ ಸಮಯ ಸಿಕ್ಕಿತ್ತು, ಅದೇ ಕಾರಣ ಇರಬಹುದು ಅಂತಾರೆ ಅವರು. ಬೆಲೆಯನ್ನೂ ತೆತ್ತರು ಅನ್ನಿ. ಆ ಪೀರಿಯಡ್ ಬಂದಿದ್ದು ಚಿತ್ರಕಲೆ, ಸಂಗೀತದಂಥ ಕ್ಲಾಸುಗಳನ್ನು ಕಿತ್ತು.

ಎಲ್ಲರನ್ನೂ ಹಿಡಿದು ಕ್ಯಾಲ್ಕುಲಸ್ ಕುಡಿಸಿ ಅಂತ ನಾನು ಹೇಳ್ತಿಲ್ಲ. ಡಿಸ್ಕ್ಯಾಲ್ಕುಲಿಯಾ ಅಂತ ಒಂದು ತೊಂದರೆ ನಿಜವಾಗಿಯೂ ಇದೆ. ಎಷ್ಟು ಕಲಿಸಿದರೂ ಅಂಕಿಗಳ ಗಾತ್ರವೇ ಮನಸ್ಸಿನಲ್ಲಿ ನಿಲ್ಲದ ಮಕ್ಕಳಿಗೆ ಬೇರೆ ಥರದ ಸಹಾಯ ಬೇಕು, ಬೈಗುಳ ಅಲ್ಲ. ಸಿಬಿಎಸ್‌ಇ 2020ರ ಪರೀಕ್ಷೆಯಿಂದ ಹತ್ತನೇ ಕ್ಲಾಸಿಗೆ ಬೇಸಿಕ್ ಮತ್ತು ಸ್ಟ್ಯಾಂಡರ್ಡ್ ಅಂತ ಎರಡು ಗಣಿತ ಪತ್ರಿಕೆ ಕೊಡುತ್ತಿದೆ, ಪಾಠ ಮಾತ್ರ ಇಬ್ಬರಿಗೂ ಒಂದೇ. ಆ ಲೆಕ್ಕಾಚಾರ ನನಗೆ ತಪ್ಪು ಅನ್ನಿಸಲ್ಲ. ನನ್ನ ತಕರಾರು ಇರೋದು ಬಾಗಿಲು ಯಾವ ಕಡೆ ಮುಚ್ಚುತ್ತೆ ಅನ್ನೋದರ ಬಗ್ಗೆ. ಪಿಯುದಲ್ಲಿ ಗಣಿತ ಓದಿದವನು ನಾಳೆ ಇತಿಹಾಸಕ್ಕೆ ಹೋಗಬಹುದು. ಇತಿಹಾಸ ಓದಿದವಳು ಎರಡು ವರ್ಷ ಬಿಟ್ಟು ಇಂಜಿನಿಯರಿಂಗ್ ಅಂತಲೋ ಆರ್ಕಿಟೆಕ್ಚರ್ ಅಂತಲೋ ಹೊರಟರೆ ಒಳಗೆ ಬಿಡುವವರಿಲ್ಲ. ಇಷ್ಟು ದೊಡ್ಡ ಬಾಗಿಲನ್ನು 31 ಅಂಕ ನೋಡಿ, ಮುರಿದ ಮೆಟ್ಟಿಲು ಯಾವುದು ಅಂತ ಒಮ್ಮೆಯೂ ಹುಡುಕದೆ ಮುಚ್ಚಬಹುದಾ?

ಮಟ್ಟ ನೋಡಿ ಗುಂಪು ಮಾಡುವುದೇ ತಪ್ಪು ಅನ್ನೋರೂ ಇದ್ದಾರೆ. ನಾನು ಒಪ್ಪಲ್ಲ. ಇದೇ ಡುಫ್ಲೋ, ಪಾಸ್ಕಲೀನ್ ದುಪಾ ಮತ್ತು ಮೈಕಲ್ ಕ್ರೆಮರ್ ಕೀನ್ಯಾದ 121 ಶಾಲೆಗಳಲ್ಲಿ ಒಂದನೇ ಕ್ಲಾಸನ್ನು ಎರಡು ಸೆಕ್ಷನ್ ಮಾಡಿಸಿದರು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳ ಮಟ್ಟ ನೋಡಿ, ಉಳಿದ ಕಡೆ ಚೀಟಿ ಎತ್ತಿದ ಹಾಗೆ. ಒಂದೂವರೆ ವರ್ಷದ ಮೇಲೆ ನೋಡಿದರೆ ಮಟ್ಟ ನೋಡಿ ವಿಂಗಡಿಸಿದ ಕಡೆ ಮುಂದಿದ್ದವರಷ್ಟೇ ಅಲ್ಲ, ಹಿಂದಿದ್ದವರೂ ಹೆಚ್ಚು ಕಲಿತಿದ್ದರು, ಯಾಕೆಂದರೆ ಟೀಚರು ಅವರು ನಿಂತಲ್ಲಿಂದಲೇ ಪಾಠ ಶುರು ಮಾಡಬಹುದಾಗಿತ್ತು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯೂ ಇದೇ ಜಾಡಿನದ್ದು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿದ್ದು. ಪ್ರತಿ ಮಗು ತನ್ನ ವೇಗಕ್ಕೆ ಕಲಿಕಾ ಏಣಿ ಹತ್ತುತ್ತೆ. ಕೆಲವರು ಟೀಚರ್ ಪಕ್ಕ ಕೂರುತ್ತಾರೆ, ಕೆಲವರು ಗೆಳೆಯರ ಸಹಾಯದಲ್ಲಿ, ಕೆಲವರು ತಾವೇ. ಇಲ್ಲೂ ಗುಂಪು ಇದೆ. ಆದರೆ ಯಾರನ್ನೂ ಏಣಿಯಿಂದ ಇಳಿಸಲ್ಲ. ಬೇಜಾರೆಂದರೆ, ಮೂರನೇ ಕ್ಲಾಸಿಗೆ ನಲಿ-ಕಲಿ ಮುಗಿಯುತ್ತೆ, ಸರಿಯಾಗಿ ಭಿನ್ನರಾಶಿಯ ಕಷ್ಟ ಶುರುವಾಗುವ ಹೊತ್ತಿಗೆ.

ನಮ್ಮ ಹುಡುಗಿಗೆ ಹಿಸ್ಟರಿ ಅಂದರೆ ಇಷ್ಟ, ಆರ್ಟ್ಸೇ ತಗೋತಾಳಂತೆ. ತಗೊಳ್ಳಲಿ, ಅವಳಿಷ್ಟ. ಆದರೂ ಭಾನುವಾರ ಅಂಗಡಿ ಖಾಲಿ ಇರುವಾಗ ನಾವಿಬ್ಬರೂ ಚೀಟಿ ಪೆನ್ನು ಹಿಡಿದು ಕೂರುತ್ತೇವೆ. ಮೊನ್ನೆ ಅವಳ ಬೀಜಗಣಿತದ ಪುಸ್ತಕ ತೆಗೆದು, "ಎಕ್ಸ್‌ನಲ್ಲಿ ಅರ್ಧ, ಅದಕ್ಕೆ ಎಕ್ಸ್‌ನಲ್ಲಿ ಕಾಲು ಸೇರಿಸು" ಅಂದೆ. ಛೇದ ಹುಡುಕೋಕೆ ಹೊರಟಳು, ಪೆನ್ನು ನಿಂತಿತು, ಹುಬ್ಬು ಗಂಟಿಕ್ಕಿತು. ಎಕ್ಸ್ ಅಂದರೆ ಬೇಳೆ ಅಂದ್ಕೋ ಅಂದೆ.

"ಮುಕ್ಕಾಲು ಎಕ್ಸ್" ಅಂದಳು. ಆಮೇಲೆ ಅನುಮಾನದಿಂದ ಕೇಳಿದಳು: "ಹೀಗೆಲ್ಲ ಮಾಡಿದ್ರೆ ಮಾರ್ಕ್ಸ್ ಕೊಡ್ತಾರಾ ಆಂಟಿ?"