ಪೈಥಾನ್ 2 ಬಿಟ್ಟು ಹೊರಡಲು ಅಷ್ಟು ವರ್ಷ ಯಾಕೆ ಬೇಕಾಯಿತು?

ಕಳೆದ ಮಳೆಗಾಲದಲ್ಲಿ ಉಡುಪಿ ಕಡೆಯ ಒಂದು ಸಹಕಾರಿ ಸಂಘದ ರಶೀದಿ ತಂತ್ರಾಂಶ ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಸಣ್ಣ ಕಚೇರಿಗೆ ಬಂತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ 2.7ರಲ್ಲಿ ಬರೆದದ್ದು, ಹೊಸ ಕಂಪ್ಯೂಟರಿನಲ್ಲಿ ಪೈಥಾನ್ 3ರಲ್ಲಿ ಓಡಬೇಕಿತ್ತು. ಸಂಘಕ್ಕೆಂದೇ ಬರೆದ ಭಾಗವನ್ನು ಎರಡು ದಿನದಲ್ಲಿ ತಿದ್ದಿದೆ. ಉಳಿದ ಎರಡು ವಾರವನ್ನು ತಿಂದದ್ದು ಅದು ನೆಚ್ಚಿಕೊಂಡಿದ್ದ, ಬೇರೆಯವರು ಬರೆದ ಲೈಬ್ರರಿಗಳು, ಅಂದರೆ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಸಿದ್ಧ ಕೋಡ್.

ಪೈಥಾನ್ 3.0 ಬಿಡುಗಡೆಯಾದದ್ದು 2008ರ ಡಿಸೆಂಬರ್ 3ರಂದು. ಹಳೆಯದರ ಜೊತೆ ಹೊಂದುವುದಿಲ್ಲ ಎಂದು ಮೊದಲೇ ಹೇಳಿದ್ದರು. ದೊಡ್ಡ ಕಾರಣ ಅಕ್ಷರಗಳು. ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ವಿಧಾನದ ಕಡತದಲ್ಲಿ ‘ಉಡುಪಿ’ ಎಂದು ಬರೆದು ಉದ್ದ ಕೇಳಿದರೆ ಪೈಥಾನ್ 2 ಸಾಮಾನ್ಯವಾಗಿ 15 ಎನ್ನುತ್ತಿತ್ತು. ಅದು ಬೈಟುಗಳ ಲೆಕ್ಕ, ಒಂದೊಂದು ಕನ್ನಡ ಚಿಹ್ನೆಗೆ ಮೂರು ಬೈಟು. ಪೈಥಾನ್ 3ರ ಉತ್ತರ 5: ಉ, ಡ, ಉಕಾರ, ಪ, ಇಕಾರ. ನಮ್ಮ ರಶೀದಿಯಲ್ಲಿ ಊರಿನ ಹೆಸರನ್ನು 20 ಬೈಟಿಗೆ ಕತ್ತರಿಸುತ್ತಿದ್ದರು. 27 ಬೈಟಿನ ‘ಬ್ರಹ್ಮಾವರ’ ಹೀಗೆ ‘ಬ್ರಹ್ಮ’ ಆಗಿ, ಪಕ್ಕದಲ್ಲೊಂದು ಅರ್ಥವಿಲ್ಲದ ಚಿಹ್ನೆ ಬರುತ್ತಿತ್ತು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಬದಲಾವಣೆ ಬೇಕೇ ಬೇಕಿತ್ತು.

ಆದರೂ ಯಾರೂ ಬೇಗ ಹೊರಡಲಿಲ್ಲ. ತಂತ್ರಾಂಶ ಬರೆಯುವವರು ಲೈಬ್ರರಿಗಾಗಿ ಕಾದರು. ಲೈಬ್ರರಿಯವರು ತಮ್ಮದು ನೆಚ್ಚಿಕೊಂಡ ಮತ್ತೊಂದು ಲೈಬ್ರರಿಗಾಗಿ ಕಾದರು. ಎರಡೂ ಆವೃತ್ತಿಗಳಲ್ಲಿ ಓಡುವ ಹಾಗೆ ಬರೆಯಲು ‘ಸಿಕ್ಸ್’ ಎಂಬ ಲೈಬ್ರರಿಯೇ ಬಂತು. 2015ಕ್ಕೆ ಮುಗಿಯಬೇಕಿದ್ದ ಪೈಥಾನ್ 2.7ರ ಆಯುಷ್ಯವನ್ನು 2020ರವರೆಗೆ ವಿಸ್ತರಿಸಿದರು. ಜಾಲತಾಣ ಕಟ್ಟಲು ಬಳಸುವ ಜಾಂಗೋ 2017ರ ಡಿಸೆಂಬರಿನಲ್ಲಿ 2.0 ಆವೃತ್ತಿ ತಂದಾಗ ಪೈಥಾನ್ 2 ಅನ್ನು ಕೈಬಿಟ್ಟಿತು. ಕೊನೆಯ 2.7.18 ಬಂದದ್ದು 2020ರ ಏಪ್ರಿಲ್‌ನಲ್ಲಿ.

ಎಲ್ಲ ಹಳೆಯ ಲೈಬ್ರರಿಗಳ ಹಣೆಬರಹ ಒಂದೇ ಅಲ್ಲ. ಚಿತ್ರಗಳಿಗೆ ಬಳಸುತ್ತಿದ್ದ ಪಿಐಎಲ್ 2009ರ 1.1.7 ಆವೃತ್ತಿಗೇ ನಿಂತಿತು. ಅದರ ಮೂಲದಿಂದ ಕವಲೊಡೆದ ಪಿಲ್ಲೋ 2013ರಲ್ಲಿ ಪೈಥಾನ್ 3ಕ್ಕೆ ಬಂತು, ತಂತ್ರಾಂಶದೊಳಗೆ ಅದನ್ನು ಕರೆಯುವ ಹೆಸರನ್ನು ಮಾತ್ರ ಬದಲಿಸಲಿಲ್ಲ. ಸಂಘದ ಲಾಂಛನ ಮೂಡಿಸುವ ಸಾಲನ್ನು ನಾನು ಮುಟ್ಟಬೇಕಾಗಿಯೇ ಬರಲಿಲ್ಲ. ಇಂಥ ಕೆಲಸ ಮಾಡಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಮೈಎಸ್‌ಕ್ಯುಎಲ್-ಪೈಥಾನ್ ಎಂಬ, ಡೇಟಾಬೇಸಿಗೆ ಜೋಡಿಸುವ ಲೈಬ್ರರಿಯೂ ಪಿಐಎಲ್ ಹಾಗೆಯೇ ಹಿಂದುಳಿಯಿತು. ಅದರ ಜಾಗಕ್ಕೆ ಮೈಎಸ್‌ಕ್ಯುಎಲ್‌ಕ್ಲೈಂಟ್ ಬಂತು.

ಕಾಡಿದ್ದು ಮೊತ್ತವನ್ನು ಅಕ್ಷರದಲ್ಲಿ ಬರೆಯುವ ಪುಟ್ಟ ಲೈಬ್ರರಿ. ಬರೆದವರು ಎಂದೋ ಕೈಬಿಟ್ಟಿದ್ದರು, ಬದಲಿ ಇರಲಿಲ್ಲ. ಪೈಥಾನ್ 2ರಲ್ಲಿ 2500ನ್ನು 1000ದಿಂದ ಭಾಗಿಸಿದರೆ 2 ಸಿಗುತ್ತಿತ್ತು, ಅದನ್ನು ಹಿಡಿದು ಪಟ್ಟಿಯಿಂದ ‘ಎರಡು’ ಎಂಬ ಪದವನ್ನು ತೆಗೆಯುತ್ತಿತ್ತು. ಪೈಥಾನ್ 3ರಲ್ಲಿ 2.5 ಸಿಗುತ್ತದೆ, ಪಟ್ಟಿಯಲ್ಲಿ ಎರಡೂವರೆಯನೆಯ ಸ್ಥಾನವೆಂಬುದಿಲ್ಲ, ತಂತ್ರಾಂಶ ಅಲ್ಲೇ ನಿಲ್ಲುತ್ತದೆ. ಪರವಾನಗಿ ನೋಡಿ, ಆ ಕಡತವನ್ನು ನಮ್ಮ ಫೋಲ್ಡರಿಗೇ ತಂದು, ಭಾಗಾಕಾರದ ಒಂದೊಂದೇ ಸಾಲನ್ನು ತಿದ್ದಿದೆ.

ಹಳೆಯ ಯಂತ್ರವನ್ನು ನಿಲ್ಲಿಸುವ ಮೊದಲು ಸ್ಥಾಪಿಸಿದ ಲೈಬ್ರರಿಗಳನ್ನು ಪಟ್ಟಿ ಮಾಡುವ ಪಿಪ್ ಫ್ರೀಝ್ ಆದೇಶದಿಂದ ಅವುಗಳ ಹೆಸರು, ಆವೃತ್ತಿ ಎರಡನ್ನೂ ಬರೆದಿಟ್ಟುಕೊಂಡಿದ್ದೆ. ಯಾರಿಗಾದರೂ ಇಂಥ ಕೆಲಸ ಬಂದರೆ ದಯವಿಟ್ಟು ಇಲ್ಲಿಂದಲೇ ಶುರು ಮಾಡಿ. ಸ್ವಂತ ಸಾಲುಗಳಿಗೆ ಕೈಹಾಕುವುದು ಆಮೇಲೆ. ಪೈಥಾನ್ 3ರೊಳಗೂ ಇದು ಮುಗಿದಿಲ್ಲ: 2023ರ 3.12ರಲ್ಲಿ ಲೈಬ್ರರಿಗಳನ್ನು ಸ್ಥಾಪಿಸಲು ನೆರವಾಗುತ್ತಿದ್ದ ಡಿಸ್ಟ್‌ಯುಟಿಲ್ಸ್ ಹೋಯಿತು, ಅದನ್ನು ನೆಚ್ಚಿಕೊಂಡ ಹಳೆಯ ಲೈಬ್ರರಿಗಳು ಸ್ಥಾಪನೆಯ ಹಂತದಲ್ಲೇ ಎಡವಿದವು.

ಕೊನೆಗೆ ಒಂದು ವರ್ಷದ ರಶೀದಿಗಳನ್ನು ಎರಡೂ ಯಂತ್ರಗಳಲ್ಲಿ ತೆಗೆದು ಹೋಲಿಸಿದೆವು. ಮೊತ್ತ ಎಲ್ಲೂ ತಪ್ಪಿರಲಿಲ್ಲ. ವ್ಯತ್ಯಾಸ ಕಂಡದ್ದು ಉದ್ದ ಹೆಸರಿನ ಊರುಗಳ ಸದಸ್ಯರದ್ದರಲ್ಲಿ ಮಾತ್ರ. ಬ್ರಹ್ಮಾವರದವರ ಊರು ಈಗ ಪೂರ್ತಿ ಮುದ್ರಣವಾಗಿತ್ತು.