ಶುಗರ್ ಬರೋದು ಜೀನ್‌ನಿಂದಾನಾ, ಗರ್ಭದಿಂದಾನಾ?

ಅಪ್ಪ ಅಮ್ಮಂಗೆ ಶುಗರ್ ಇದ್ರೆ ಮಕ್ಕಳಿಗೂ ಬರತ್ತೆ, ವಂಶದಲ್ಲೇ ಇದೆ ಬಿಡಿ ಅಂತೀವಲ್ಲ, ತುಂಬಾ ವರ್ಷ ಡಾಕ್ಟರುಗಳ ಲೆಕ್ಕಾನೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಆದ್ರೆ 1921ರಲ್ಲಿ ಇನ್ಸುಲಿನ್ ಸಿಕ್ಕಿ, ಡಯಾಬಿಟಿಸ್ ಇರೋ ಹೆಂಗಸರೂ ಬದುಕಿ ಮಕ್ಕಳನ್ನ ಹೆರೋ ಹಾಗಾದ ಮೇಲೆ ಆ ಮಕ್ಕಳು ಸಿಕ್ಕಾಪಟ್ಟೆ ದಪ್ಪ ಹುಟ್ಟೋದು ಕಣ್ಣಿಗೆ ಬಿತ್ತು. ಯಾಕೆ ಅಂತ 1950ರ ದಶಕದಲ್ಲಿ ವಿವರಿಸಿದ್ದು ಡೆನ್ಮಾರ್ಕಿನ ಡಾಕ್ಟರ್ ಯೋರ್ಗೆನ್ ಪೆಡರ್ಸನ್: ತಾಯಿಯ ಗ್ಲೂಕೋಸ್ ಪ್ಲಾಸೆಂಟಾ (ಮಾಸು) ದಾಟಿ ಮಗುವಿಗೆ ಹೋಗತ್ತೆ, ಇನ್ಸುಲಿನ್ ಹೋಗಲ್ಲ, ಹಾಗಾಗಿ ಹೊಟ್ಟೇಲಿರೋ ಮಗುನೇ ಜಾಸ್ತಿ ಇನ್ಸುಲಿನ್ ಮಾಡ್ಕೊಂಡು ಕೊಬ್ಬು ತುಂಬಿಸ್ಕೊಳ್ಳತ್ತೆ.

ತಮಾಷೆ ಅಂದ್ರೆ ಬಸುರಿ ತಾಯಿ ಉಪವಾಸ ಬಿದ್ರೂ ಮಗು ಮುಂದೆ ಶುಗರ್ ಕಡೆಗೇ ಹೋಗಬಹುದು. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಯುದ್ಧದಿಂದ ಊಟಕ್ಕೇ ಬರ ಬಿದ್ದಾಗ ಗರ್ಭದಲ್ಲಿದ್ದವರಿಗೆ ದೊಡ್ಡವರಾದ ಮೇಲೆ ಗ್ಲೂಕೋಸ್ ಸರಿಯಾಗಿ ನಿಭಾಯಿಸೋಕೆ ಆಗ್ತಿರ್ಲಿಲ್ಲ. ಶುಗರ್ ಒಂದೇ ಅಲ್ಲ, ಇಂಗ್ಲೆಂಡಿನ ಡಾಕ್ಟರ್ ಡೇವಿಡ್ ಬಾರ್ಕರ್ ಹರ್ಟ್‌ಫರ್ಡ್‌ಶೈರಿನ ಹಳೇ ಹೆರಿಗೆ ರಿಜಿಸ್ಟರುಗಳನ್ನ ಹಿಡ್ಕೊಂಡು, ಕಮ್ಮಿ ತೂಕ ಹುಟ್ಟಿದ ಗಂಡಸರು ಹಾರ್ಟ್ ಕಾಯಿಲೆಯಿಂದ ಜಾಸ್ತಿ ಸಾಯ್ತಾರೆ ಅಂತ 1989ರಲ್ಲಿ ತೋರಿಸಿದ್ರು.

ಆದ್ರೂ ಜೀನ್ ಪಾಲು ಎಷ್ಟು, ಗರ್ಭದ ಪಾಲು ಎಷ್ಟು ಅಂತ ಬಿಡಿಸೋದು ಹೇಗೆ? ಇದಕ್ಕೆ ಸಿಕ್ಕ ಉಪಾಯ ನಂಗೆ ಬಹಳ ಇಷ್ಟ. ಅಮೆರಿಕದ ಅರಿಜೋನಾದಲ್ಲಿ ಪಿಮಾ ಅನ್ನೋ ಮೂಲನಿವಾಸಿ ಸಮುದಾಯದವರಿಗೆ ಟೈಪ್ 2 ಡಯಾಬಿಟಿಸ್ ತುಂಬಾ ಜಾಸ್ತಿ, ಅಲ್ಲಿ ಒಂದೇ ತಾಯಿಯ ಮಕ್ಕಳನ್ನ ಹೋಲಿಸಿದ್ರು, ಅಮ್ಮಂಗೆ ಡಯಾಬಿಟಿಸ್ ಗೊತ್ತಾಗೋಕೆ ಮುಂಚೆ ಹುಟ್ಟಿದ ಅಣ್ಣ ಒಂದು ಕಡೆ, ಗೊತ್ತಾದ ಮೇಲೆ ಹುಟ್ಟಿದ ತಮ್ಮ ಇನ್ನೊಂದು ಕಡೆ. ಮನೆ ಒಂದೇ, ವಂಶ ಒಂದೇ. 2000ದಲ್ಲಿ ಬಂದ ರಿಸಲ್ಟ್ ಪ್ರಕಾರ ಆಮೇಲೆ ಹುಟ್ಟಿದವರಿಗೆ ರಿಸ್ಕ್ 3 ಪಟ್ಟಿಗಿಂತ ಜಾಸ್ತಿ. ಅಪ್ಪಂಗೆ ಡಯಾಬಿಟಿಸ್ ಬರೋ ಮುಂಚೆ, ಬಂದ ಮೇಲೆ ಅಂತ ಅದೇ ಹೋಲಿಕೆ ಮಾಡಿದಾಗ ಅಂಥಾ ವ್ಯತ್ಯಾಸ ಕಾಣ್ಲಿಲ್ಲ, ಅಂದ್ರೆ ಗರ್ಭದ ಪಾಲೇ ಬೇರೆ ಇದೆ.

ಅಪ್ಪಂದಿರು ಇಲ್ಲಿಗೆ ಬಚಾವ್ ಅಂದ್ಕೋಬೇಡಿ. 2010ರಲ್ಲಿ ಗಂಡು ಇಲಿಗಳಿಗೆ ಕೊಬ್ಬು ಜಾಸ್ತಿ ಇರೋ ಆಹಾರ ಹಾಕಿ ದಪ್ಪ ಮಾಡಿದ್ರು, ಅಮ್ಮ ಇಲಿಗಳು ಆರೋಗ್ಯವಾಗೇ ಇದ್ವು, ಆದ್ರೂ ಹುಟ್ಟಿದ ಹೆಣ್ಣು ಮರಿಗಳಲ್ಲಿ ಇನ್ಸುಲಿನ್ ಮಾಡೋ ಜೀವಕೋಶಗಳು ಸರಿಯಾಗಿ ಕೆಲಸ ಮಾಡ್ತಿರ್ಲಿಲ್ಲ. ಮನುಷ್ಯರಲ್ಲೂ ದಪ್ಪಗಿರೋ ಗಂಡಸರ ವೀರ್ಯದಲ್ಲಿ ಡಿಎನ್‌ಎ ಮೇಲಿನ ರಾಸಾಯನಿಕ ಗುರುತುಗಳು ಬೇರೆ ಥರ ಇರ್ತವೆ, ತೂಕ ಇಳಿಸೋ ಸರ್ಜರಿ ಆದ್ಮೇಲೆ ಬದಲಾಗ್ತವೆ ಅಂತ 2016ರಲ್ಲಿ ಗೊತ್ತಾಯ್ತು. ಆದ್ರೆ ಆ ಗುರುತುಗಳೇ ಮಗುವಿನ ಕಾಯಿಲೆಗೆ ಕಾರಣ ಅಂತ ಇನ್ನೂ ಸಾಬೀತಾಗಿಲ್ಲ. ಅಷ್ಟರಲ್ಲಿ ಗ್ಲೂಕೋಸ್ ಟೆಸ್ಟು, ತೂಕದ ಲೆಕ್ಕ, ಬೈಗುಳ ಎಲ್ಲಾ ಅಮ್ಮಂಗೇ, ಪಕ್ಕದ ಕುರ್ಚೀಲಿ ಕೂತಿರೋ ಅಪ್ಪನ ಶುಗರ್ ಎಷ್ಟಿದೆ ಅಂತ ಕೇಳೋರು ಕಮ್ಮಿ.